ಹೊಳೆಯ ಕಾಲ, ಮೀನಿನ ಕಾಲ

ಗಾಳ ಹಾಕುವವನು ಕೇಳುವ ಮೊದಲ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಒಂದೇ: ಮೀನು ಕಚ್ಚುವ ಕಾಲ ಯಾವುದು? ಇಂಗ್ಲೆಂಡಿನ ತಣ್ಣನೆಯ ತೊರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಟ್ರೌಟ್ ಮೀನಿಗೆ ಹೊಂಚುವ ಜಮೀನುದಾರನೂ, ಅಮೆರಿಕದ ಸರೋವರದಲ್ಲಿ ಬಾಸ್ ಮೀನಿಗಾಗಿ ದೋಣಿಯಲ್ಲಿ ಕುಳಿತ ಸಿರಿವಂತನೂ, ಬೆಂಗಳೂರಿನ ದಕ್ಷಿಣಕ್ಕೆ ಬನ್ನೇರುಘಟ್ಟ ರಸ್ತೆಯ ಅರೆಕೆರೆಯಲ್ಲಿ ಭಾನುವಾರ ಬೆಳಿಗ್ಗೆ ಎರೆಹುಳುವಿನ ಡಬ್ಬಿ ಹಿಡಿದು ಹೊರಟ ಹುಡುಗನೂ ಈ ಒಂದು ವಿಷಯದಲ್ಲಿ ಸರಿಸಮಾನರು. ಉತ್ತರ ಮಾತ್ರ ಊರೂರಿಗೆ ಬೇರೆ. ಮೀನಿನ ಪಂಚಾಂಗವನ್ನು ಬರೆಯುವುದು ಅದು ಬಾಳುವ ನೀರು.

ಟ್ರೌಟ್ ಮೀನಿಗೆ ತಂಪು ನೀರೇ ಜೀವ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದಕ್ಕೆ ಸಂಕಟ ಮೊದಲಾಗುತ್ತದೆ. ತವರಿನ ಈ ಮೀನನ್ನು ದಕ್ಷಿಣ ಭಾರತದಲ್ಲಿ ಬೆಳೆಸಬೇಕೆಂದು ಹಂಬಲಿಸಿದ ಬ್ರಿಟಿಷರು ಕೊನೆಗೆ ನೀಲಗಿರಿಯ ನೆತ್ತಿಗೇ ಏರಬೇಕಾಯಿತು. 1907ರ ಸುಮಾರಿಗೆ ಉದಕಮಂಡಲದ ಬಳಿಯ ಅವಲಾಂಚಿಯಲ್ಲಿ ಅದರ ಮರಿ ಮಾಡುವ ಕೇಂದ್ರ ಏರ್ಪಟ್ಟಿತು. ಬಯಲು ಸೀಮೆಯ ಬೆಚ್ಚನೆಯ ಹೊಳೆಗಳಿಗೆ ಅದು ಇಳಿದು ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಆದರೆ ಅದರ ಕೊರತೆ ಕನ್ನಡ ನಾಡಿಗೆ ಎಂದೂ ತಟ್ಟಲಿಲ್ಲ. ಟ್ರೌಟ್ ಹಿಡಿದು ಪಳಗಿದ ದೊರೆಗಳೇ ಕಾವೇರಿಯ ದಡಕ್ಕೆ ಬಂದು, ಇಲ್ಲಿಯ ಮಹಶೀರ್ ಮೀನಿನ ಮೊದಲ ಸೆಳೆತಕ್ಕೆ ಬೆರಗಾಗಿ ನಿಂತರು. ಹೊಳೆಯ ಜನ ಅದನ್ನು ಬಿಳಿಮೀನು ಎಂದು ಕರೆಯುತ್ತ ಬಂದಿದ್ದಾರೆ.

ಈ ಬಿಳಿಮೀನಿಗೂ ಬೆಂಗಳೂರಿನ ಸಂಸಾರಕ್ಕೂ ಇರುವ ನಂಟು ಅನೇಕರ ಗಮನಕ್ಕೆ ಬಂದಿರಲಾರದು. ಅರೆಕೆರೆ, ಜಯನಗರ, ಬನಶಂಕರಿಗಳ ನಲ್ಲಿಗಳಲ್ಲಿ ಇಳಿಯುವ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯ ಯಂತ್ರಗಳು ಮೇಲೆತ್ತಿ ಕಳುಹಿಸುವ ಕಾವೇರಿಯ ನೀರು. ಆ ಯೋಜನೆಯ ಮೊದಲ ಹಂತ ಆರಂಭವಾದುದು 1974ರಲ್ಲಿ. ನಗರಕ್ಕಾಗಿ ನದಿಯಿಂದ ನೀರು ತಿರುಗಿಸುವ ಜಾಗದ ಕೆಳಗೆ ಶಿವನಸಮುದ್ರದ ಜಲಪಾತಗಳಿವೆ. ಅವನ್ನು ದಾಟಿದ ಮೇಲೆ ದೊಡ್ಡಮಾಕಳಿ, ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ, ಸಂಗಮ, ಮೇಕೆದಾಟುಗಳ ಉದ್ದಕ್ಕೂ ಬಂಡೆಗಳ ನಡುವೆ ಆಳವಾದ ಮಡುಗಳಿವೆ. ಆ ಮಡುಗಳೇ ಬಿಳಿಮೀನಿನ ಮನೆ. ಅಡಿಗೆಮನೆಯ ಕೊಡವೂ ಆ ಮಡುವೂ ತುಂಬುವುದು ಒಂದೇ ನದಿಯಿಂದ. ಹಾಗಿರುವಾಗ, ಮೀನನ್ನು ಎಂದೂ ಮುಟ್ಟದ ಮನೆಯವರಿಗೂ ಅದರ ಯೋಗಕ್ಷೇಮದ ಮಾತು ತೀರ ಪರಕೀಯವಲ್ಲ.

ರಾಜನೊಬ್ಬನ ವಿನೋದ

ಗಾಳದ ವಿದ್ಯೆಯೆಂದರೆ ಸಾಹೇಬರು ಹಡಗಿನಲ್ಲಿ ತಂದದ್ದೆಂಬ ಭಾವನೆ ಸಾಮಾನ್ಯವಾಗಿದೆ. ಚರಿತ್ರೆ ಬೇರೆಯೇ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜನೀತಿ, ಪಾಕಶಾಸ್ತ್ರ, ಸಂಗೀತ, ಆನೆ ಕುದುರೆಗಳ ಲಕ್ಷಣ ಇವೆಲ್ಲದರ ಜೊತೆಗೆ ‘ಮತ್ಸ್ಯವಿನೋದ’ವೆಂಬ ಒಂದು ಅಧ್ಯಾಯವೇ ಇದೆ. ಹೊಳೆ, ಸಮುದ್ರಗಳ ಮೀನುಗಳ ಜಾತಿಭೇದ, ಯಾವ ಮೀನಿಗೆ ಯಾವ ಮೇವು, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬುದನ್ನೆಲ್ಲ ಅರಸ ಅಲ್ಲಿ ಅಕ್ಕರೆಯಿಂದ ವಿವರಿಸಿದ್ದಾನೆ. ಮೊದಲು ಮೇವು ಚೆಲ್ಲಿ ಮೀನನ್ನು ಜಾಗಕ್ಕೆ ಒಗ್ಗಿಸಿ, ಆಮೇಲೆ ಗಾಳ ಬಿಡುವ ಜಾಣ್ಮೆಯೂ ಅವನಿಗೆ ತಿಳಿದಿತ್ತು.

ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿದ್ವಾಂಸರ ಮುಂದಿಟ್ಟಾಗ, ಇಂಗ್ಲಿಷರು ಗಾಳದ ವೇದವೆಂದು ಭಾವಿಸುವ ಐಸಾಕ್ ವಾಲ್ಟನ್‌ನ ಗ್ರಂಥ ಅಚ್ಚಾದುದು 1653ರಲ್ಲಿ ಎಂಬುದನ್ನು ನೆನೆದವರಿಗೆ ಅಚ್ಚರಿಯಾಗಿರಬೇಕು. ಐದು ಶತಮಾನಗಳಿಗೂ ಹಿಂದೆಯೇ ಕನ್ನಡ ನಾಡಿನ ಒಬ್ಬ ಅರಸ ಆ ವಿದ್ಯೆಗೆ ಶಾಸ್ತ್ರದ ಸ್ಥಾನ ಕೊಟ್ಟಿದ್ದನು! ಬೇಟೆಯ ಆರ್ಭಟವಾಗಲಿ, ಮಲ್ಲಯುದ್ಧದ ಕೋಲಾಹಲವಾಗಲಿ ಇಲ್ಲದ ಈ ವಿನೋದ ಅವನಿಗೇಕೆ ಹಿಡಿಸಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಗಾಳ ಹಿಡಿದು ಕುಳಿತವನ ಮುಂದೆ ದೊರೆತನ ನಡೆಯದು. ಕಾಯುವುದೊಂದೇ ಅಲ್ಲಿಯ ನಿಯಮ.

ಕಾವೇರಿಯ ಪಂಚಾಂಗ

ಕಾಯುವುದಕ್ಕೂ ಕಾಲಜ್ಞಾನ ಬೇಕು. ಹೊಲದ ಕೆಲಸಕ್ಕೆ ಮಳೆಯ ನಕ್ಷತ್ರಗಳನ್ನು ಎಣಿಸುವ ರೈತನಂತೆ ಹೊಳೆಯ ಮೀನುಗಾರನೂ ಅವನ್ನೇ ಎಣಿಸುತ್ತಾನೆ. ಕಾವೇರಿಯ ವರ್ಷ ಮೊದಲಾಗುವುದು ಜೂನ್ ತಿಂಗಳಲ್ಲಿ, ಕೊಡಗಿನ ಬೆಟ್ಟಗಳಿಗೆ ಮೃಗಶಿರ ಮಳೆ ಹಿಡಿದಾಗ. ಆರಿದ್ರ, ಪುನರ್ವಸು, ಪುಷ್ಯ ಮಳೆಗಳು ಒಂದರ ಹಿಂದೊಂದು ಸುರಿದು, ಕನ್ನಂಬಾಡಿ ಮತ್ತು ಕಬಿನಿ ಕಟ್ಟೆಗಳು ತುಂಬಿ ಹೆಚ್ಚಿನ ನೀರನ್ನು ಹೊರಬಿಟ್ಟಾಗ, ಕೆಳಗಿನ ಕಣಿವೆಯಲ್ಲಿ ನದಿ ಕೆಂಪು ಮಣ್ಣಿನ ಬಣ್ಣ ತಾಳಿ ಬಂಡೆಗಳನ್ನೆಲ್ಲ ಮುಳುಗಿಸಿ ಹರಿಯುತ್ತದೆ. ಆಗ ಗಾಳ ಹಾಕುವುದು ವ್ಯರ್ಥ. ಹಾಕುವುದು ತರವೂ ಅಲ್ಲ. ಮಹಶೀರ್ ಜಾತಿಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಈಜಿ, ಜಲ್ಲಿಕಲ್ಲು ಹಾಸಿದ ತಿಳಿನೀರಿನ ಉಪನದಿಗಳನ್ನು ಹುಡುಕಿಕೊಂಡು ಮೊಟ್ಟೆಯಿಡಲು ಹೋಗುವ ಕಾಲವದು. ಕೆರೆಯ ಗೆಂಡೆಯಂತೆ ಲಕ್ಷಗಟ್ಟಲೆ ಮೊಟ್ಟೆಯಿಟ್ಟು ಸಂತತಿ ಬೆಳೆಸುವ ಸೌಕರ್ಯ ಮಹಶೀರಿಗಿಲ್ಲ. ಅದರ ಮೊಟ್ಟೆಗಳು ಕಡಿಮೆ, ಬೆಳವಣಿಗೆ ನಿಧಾನ. ಮಳೆಗಾಲದಲ್ಲಿ ಸತ್ತ ಒಂದು ತಾಯಿಮೀನಿನ ನಷ್ಟವನ್ನು ತುಂಬಲು ನದಿಗೆ ವರ್ಷಗಳೇ ಬೇಕು.

ಹಸ್ತ, ಚಿತ್ತೆ, ಸ್ವಾತಿಗಳ ಹೊತ್ತಿಗೆ, ಎಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ, ಹಿಂಗಾರು ಬರುತ್ತದೆ. ನದಿ ಇಳಿಯುತ್ತಿದೆಯೆಂದು ನಂಬಿ ಹೊರಟವನನ್ನು ಒಂದು ರಾತ್ರಿಯ ಗುಡುಗುಮಳೆ ವಂಚಿಸುವುದುಂಟು. ಏರುವ ನೀರಿನಲ್ಲಿ ಮೀನು ಬಾಯಿ ಮುಚ್ಚಿಕೊಂಡಿರುತ್ತದೆ; ಇಳಿದು ತಿಳಿಯಾಗುತ್ತಿರುವ ನೀರಿನಲ್ಲಿ ಹಸಿದಿರುತ್ತದೆ. ಈ ಒಂದು ಸೂತ್ರ ತಿಳಿದವನಿಗೆ ಅರ್ಧ ವಿದ್ಯೆ ಕೈವಶವಾದಂತೆ.

ವಿಶಾಖೆ ಮಳೆ ಕಳೆದ ಮೇಲೆ ನೀರು ತಿಳಿಯಾಗುತ್ತ ಬರುತ್ತದೆ. ಡಿಸೆಂಬರ್, ಜನವರಿಗಳ ಚಳಿಯಲ್ಲಿ ಮುಂಜಾನೆ ಮೀನು ಜಡವಾಗಿ ಮಡುವಿನ ತಳ ಸೇರಿರುತ್ತದೆ. ಬಿಸಿಲು ಬಂಡೆಗಳನ್ನು ಕಾಯಿಸಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಅದಕ್ಕೆ ಲವಲವಿಕೆ. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲವನ್ನೇ ಹಳೆಯ ಗಾಳಗಾರರು ಸುಗ್ಗಿಯೆಂದು ಎಣಿಸಿದರು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆಯೆಂಬ ಮಾತು ನಾಡಿಗೆಲ್ಲ ಗೊತ್ತು. ಚಳಿ ಓಡಿದೊಡನೆ ಮೀನಿನ ಹಸಿವು ಕೆರಳುತ್ತದೆಂಬುದು ಹೊಳೆಯವರಿಗೆ ಗೊತ್ತು. ಮೈಸೂರಿನಲ್ಲಿ ಕಾಡುಮೃಗಗಳ ಚರ್ಮ ಹದಮಾಡಿ ತುಂಬುವ ಕೈಚಳಕಕ್ಕೆ ಜಗತ್ಪ್ರಸಿದ್ಧವಾಗಿದ್ದ ವಾನ್ ಇಂಗೆನ್ ಕುಟುಂಬದ ಡಿ ವೆಟ್ ವಾನ್ ಇಂಗೆನ್ ಅವರು ಕಬಿನಿಯಲ್ಲಿ 120 ಪೌಂಡಿನ, ಎಂದರೆ 54 ಕಿಲೋಗ್ರಾಮಿಗೂ ಹೆಚ್ಚು ತೂಕದ, ಮಹಶೀರನ್ನು ಗಾಳದಿಂದ ಎಳೆದು ದಾಖಲೆ ಸ್ಥಾಪಿಸಿದ್ದು 1946ರ ಮಾರ್ಚ್ 22ರಂದು. ಶಿವರಾತ್ರಿ ಕಳೆದಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ.

ಏಪ್ರಿಲ್, ಮೇ ತಿಂಗಳುಗಳಲ್ಲಿ ನದಿ ಬಡವಾಗುತ್ತದೆ. ಬೆಚ್ಚಗಾದ ನೀರಿನಲ್ಲಿ ಪ್ರಾಣವಾಯು ಕಡಿಮೆ. ಹಗಲೆಲ್ಲ ಆಳದಲ್ಲಿ ಅಡಗಿದ ಮೀನು ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಬಂಡೆಗಳ ನಡುವೆ ನೊರೆಯೆದ್ದು ಹರಿಯುವ ಕಡೆಗೆ ಬರುತ್ತದೆ. ನೀರು ಗಾಳಿಯನ್ನು ತುಂಬಿಕೊಳ್ಳುವುದು ಅಲ್ಲಿ. ಅಶ್ವಿನಿ, ಭರಣಿ ಮಳೆಗಳು ಒಂದಿಷ್ಟು ಸುರಿದು ನೀರಿಗೆ ಚಹದ ಬಣ್ಣ ಬಂದರೆ ಎರಡು ಮೂರು ದಿನ ಗಾಳಗಾರನಿಗೆ ಹಬ್ಬ. ಕೃತ್ತಿಕೆ, ರೋಹಿಣಿಗಳಲ್ಲಿ ಮೋಡ ಕಟ್ಟುವುದನ್ನು ನೋಡಿ ಕೋಲನ್ನು ಅಟ್ಟಕ್ಕೆ ಸೇರಿಸುವುದು ವಾಡಿಕೆ.

ಇದು ನದಿ ತಾನೇ ಬರೆದುಕೊಂಡ ಪಂಚಾಂಗ. ಅದಕ್ಕೆ ತಿದ್ದುಪಡಿಗಳು ಬಂದು ಶತಮಾನವೇ ಕಳೆದಿದೆ. ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕಳುಹಿಸಲು ಶಿವನಸಮುದ್ರದ ಕೇಂದ್ರ 1902ರಲ್ಲಿ ಕೆಲಸ ಆರಂಭಿಸಿತು. 1911ರಲ್ಲಿ ಮೊದಲಾದ ಕನ್ನಂಬಾಡಿ ಕಟ್ಟೆಯ ಕೆಲಸ 1931ಕ್ಕೆ ಮುಗಿಯಿತು. ಕಬಿನಿಯ ಕಟ್ಟೆ 1974ರಲ್ಲಿ ಸಿದ್ಧವಾಯಿತು. ಗದ್ದೆಗಳು ಹಸುರಾದವು, ದೀಪಗಳು ಬೆಳಗಿದವು. ಅದಕ್ಕೆ ನಾಡು ಕೃತಜ್ಞವಾಗಿಯೇ ಇದೆ. ಆದರೆ ನೀರು ಏರುವುದೂ ಇಳಿಯುವುದೂ ಈಗ ಮಳೆಯ ನಕ್ಷತ್ರಗಳನ್ನಷ್ಟೇ ಅವಲಂಬಿಸಿಲ್ಲ. ಕಟ್ಟೆಯ ಬಾಗಿಲುಗಳ ಮಾತನ್ನೂ ಕೇಳುತ್ತದೆ. ಮೊಟ್ಟೆಯಿಡಲು ಮೇಲೇರಿದ ಮೀನಿಗೆ ಕಟ್ಟೆಯ ಗೋಡೆ ಅಡ್ಡವಾಗುತ್ತದೆ. ಕಾಲವಲ್ಲದ ಕಾಲದಲ್ಲಿ ನೀರು ಇಳಿದರೆ ಜಲ್ಲಿಯ ಮೇಲಿನ ಮೊಟ್ಟೆ ಒಣಗುತ್ತದೆ.

ರಾಗಿಯ ಉಂಡೆ, ಗರಿಯ ನೊಣ

ಟ್ರೌಟ್ ಮೀನಿಗೆ ಸಾಹೇಬರು ಬಳಸುವುದು ಕೃತಕ ನೊಣ. ಸಣ್ಣ ಕೊಕ್ಕೆಗೆ ಹಕ್ಕಿಯ ಗರಿ, ರೇಷ್ಮೆ ಎಳೆ, ಪ್ರಾಣಿಯ ಕೂದಲುಗಳನ್ನು ಸುತ್ತಿ, ನೀರಿನ ಮೇಲೆ ಆಗತಾನೆ ಇಳಿದ ಹುಳುವಿನಂತೆ ಕಾಣಿಸುವ ಕುಸುರಿ ಕೆಲಸ ಅದು. ಆ ನೊಣಕ್ಕೆ ತೂಕವೇ ಇಲ್ಲವಾದುದರಿಂದ ತೂಕವನ್ನು ದಾರದಲ್ಲಿಯೇ ಇಟ್ಟು, ಕೋಲನ್ನು ಚಾಟಿಯಂತೆ ಹಿಂದಕ್ಕೂ ಮುಂದಕ್ಕೂ ಬೀಸಿ ಎಸೆಯಬೇಕು. ನೋಡಲು ಸೊಗಸು, ಕಲಿಯಲು ಕಠಿನ. ಮದರಾಸು ಪ್ರಾಂತದಲ್ಲಿ ಅಧಿಕಾರಿಯಾಗಿದ್ದು ದಕ್ಷಿಣ ಕನ್ನಡವನ್ನು ಬಲ್ಲ ಹೆನ್ರಿ ಸಲಿವನ್ ಥಾಮಸ್ ಅವರು 1873ರಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥ ಈ ದೇಶದ ಹೊಳೆಗಳಲ್ಲಿ ಗಾಳ ಹಾಕುವವರಿಗೆ ಬಹುಕಾಲ ಕೈಪಿಡಿಯಾಗಿತ್ತು. ಮಹಶೀರಿನ ಮುಂದೆ ಟ್ರೌಟ್ ಹಿಡಿಯುವ ಸಾಮಗ್ರಿ ಎಷ್ಟು ದುರ್ಬಲವೆಂಬುದನ್ನು ಓದುಗನಿಗೆ ಮನಗಾಣಿಸಿದವರಲ್ಲಿ ಅವರೂ ಒಬ್ಬರು.

ಮಹಶೀರು ಮೀನುಗಳಲ್ಲಿ ಸರ್ವಭಕ್ಷಕ. ದಡದ ಅತ್ತಿ, ನೇರಳೆ ಮರಗಳಿಂದ ಉದುರಿದ ಹಣ್ಣು, ಏಡಿ, ಬಸವನಹುಳು, ಸಣ್ಣ ಮೀನು ಎಲ್ಲವೂ ಅದಕ್ಕೆ ಪಥ್ಯ. ಅದರ ದವಡೆಯಲ್ಲಿ ಹಲ್ಲಿಲ್ಲ, ಹಲ್ಲುಗಳಿರುವುದು ಗಂಟಲಿನಲ್ಲಿ. ಏಡಿಯ ಚಿಪ್ಪನ್ನು ಪುಡಿಮಾಡುವ ಆ ಗಂಟಲಿಗೆ ಕೊಕ್ಕೆಯನ್ನು ಅಪ್ಪಚ್ಚಿ ಮಾಡುವುದು ದೊಡ್ಡ ಮಾತಲ್ಲ. ಕಾವೇರಿಯ ದಡದವರು ಇದಕ್ಕೆ ಕಂಡುಕೊಂಡ ಮೇವು ಮಾತ್ರ ಅಪ್ಪಟ ಮೈಸೂರು ಸೀಮೆಯದು: ರಾಗಿ! ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ಮತ್ತೆ ನಾದಿ, ಹರಿವಿನ ಹೊಡೆತಕ್ಕೆ ಕರಗದಂತೆ ಹದ ಮಾಡಿ, ನಿಂಬೆಹಣ್ಣಿನ ಗಾತ್ರದ ಅಥವಾ ಇನ್ನೂ ದೊಡ್ಡ ಉಂಡೆಯಾಗಿ ಕೊಕ್ಕೆಗೆ ಮೆತ್ತುತ್ತಾರೆ. ಮನೆಯ ಯಜಮಾನನಿಗೆ ಮುದ್ದೆ, ಹೊಳೆಯ ಯಜಮಾನನಿಗೂ ಮುದ್ದೆ. ದೇಶದೇಶಗಳ ಗಾಳಗಾರರು ಪೆಟ್ಟಿಗೆ ತುಂಬ ತಂದ ಗರಿಯ ನೊಣಗಳನ್ನೂ ಲೋಹದ ಚಮಚಗಳನ್ನೂ ಪಕ್ಕಕ್ಕಿಟ್ಟು ಹಳ್ಳಿಯವನ ರಾಗಿಯ ಉಂಡೆಗೆ ಶರಣಾದ ಪ್ರಸಂಗಗಳು ಕಾವೇರಿಯಲ್ಲಿ ಅಪರೂಪವೇನಲ್ಲ.

ಉಂಡೆ ನುಂಗಿದ ಮೀನು ಮೊದಲು ಹೂಡುವ ಓಟವೇ ಗಾಳಗಾರನ ಪರೀಕ್ಷೆ. ರಾಟೆಯ ದಾರ ನೂರಾರು ಅಡಿ ಬಿಚ್ಚಿಕೊಂಡು ಹೋಗುತ್ತದೆ. ದಡದಲ್ಲಿ ನಿಂತು ಸೆಣಸಲಾಗದೆ ಹರಗೋಲು ಹತ್ತಿ, ಸುಳಿ ಬಂಡೆಗಳ ನಡುವೆ ಅದರ ಹಿಂದೆಯೇ ಸಾಗಬೇಕಾಗುವುದೂ ಉಂಟು. ಹರಗೋಲು ನಡೆಸುವವನ ಕಣ್ಣು, ಕೈ ಚುರುಕಾಗಿರದಿದ್ದರೆ ಮೀನಿರಲಿ, ಮನುಷ್ಯನೂ ಉಳಿಯುವುದು ಕಷ್ಟ.

ಹೆಸರು ದೊರೆಯದ ಮಹಾಮತ್ಸ್ಯ

ಸ್ವಾತಂತ್ರ್ಯಾನಂತರ ಈ ವಿನೋದ ಬಹುಮಟ್ಟಿಗೆ ಮರೆತುಹೋಗಿತ್ತು. ಕಾವೇರಿಯ ದೈತ್ಯ ಮೀನುಗಳ ಕಾಲ ಮುಗಿಯಿತೆಂದೇ ಹೊರಗಿನವರು ಬಗೆದಿದ್ದರು. 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ತರುಣರು ಹೊಳೆಯಲ್ಲಿ ಗಾಳ ಹಾಕಿ, 90 ಪೌಂಡು ಮೀರಿದ ಮೀನನ್ನೂ ಹಿಡಿದು, ಆ ಅಭಿಪ್ರಾಯ ತಪ್ಪೆಂದು ತೋರಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ವನ್ಯಜೀವಿ ಸಂಘವೂ, ಆಮೇಲೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯೂ ನದಿಯ ಭಾಗಗಳನ್ನು ಕಾಯ್ದುಕೊಂಡು ಗಾಳದ ಶಿಬಿರಗಳನ್ನು ನಡೆಸಿದವು. ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡಬೇಕೆಂಬುದು ಅಲ್ಲಿಯ ಕಟ್ಟುನಿಟ್ಟಾದ ನಿಯಮ. ಹಿಂದೆ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರಿಗೆ ಕಾವಲಿನ ಕೆಲಸ, ಮಾರ್ಗದರ್ಶನದ ಕೆಲಸ ಸಿಕ್ಕಿತು. ಎಲ್ಲವೂ ಸುಸೂತ್ರವಾಗಿ ನಡೆದಿದೆಯೆಂದೇ ಎಲ್ಲರೂ ನಂಬಿದ್ದರು.

ನಂಬಿಕೆಯನ್ನು ಅಲ್ಲಾಡಿಸಿದ್ದು ಶಿಬಿರದ ಲೆಕ್ಕದ ಪುಸ್ತಕಗಳು. ಗಾಳಿಬೋರೆಯಲ್ಲಿ ಹಿಡಿದ ಪ್ರತಿಯೊಂದು ಮೀನಿನ ತೂಕ, ಗಾಳ ಹಾಕಿದ ಹೊತ್ತು ಎಲ್ಲವನ್ನೂ ಬರೆದಿಡುವ ರೂಢಿಯಿತ್ತು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿದರು. 23,620 ಗಂಟೆಗಳ ಗಾಳಕ್ಕೆ 6,161 ಮೀನುಗಳು ಸಿಕ್ಕಿದ್ದವು; ಸರಾಸರಿ ನಾಲ್ಕು ಗಂಟೆಗೆ ಒಂದು. ಅತಿ ದೊಡ್ಡದು 46.8 ಕಿಲೋಗ್ರಾಮ್. ವರ್ಷ ಕಳೆದಂತೆ ಮೀನಿನ ಸಂಖ್ಯೆ ಹೆಚ್ಚುತ್ತಲೇ ಇತ್ತು. ಮೇಲುನೋಟಕ್ಕೆ ಇದು ಸಂತಸದ ಸುದ್ದಿ. ಆದರೆ ಹೆಚ್ಚಿದ ಮೀನು ಯಾವುದು?

ಕಾವೇರಿಯಲ್ಲಿ ಇದ್ದದ್ದು ಎರಡು ಬಗೆಯ ಮಹಶೀರು. ಒಂದು, ಬೆನ್ನು ಗೂನಾಗಿ ಎದ್ದು, ಕಿತ್ತಳೆ ಬಣ್ಣದ ರೆಕ್ಕೆಗಳಿಂದ ಕಂಗೊಳಿಸುವ ಗೂನುಬೆನ್ನಿನ ಮಹಶೀರು. ಕಾವೇರಿ ಮತ್ತು ಅದರ ಉಪನದಿಗಳಲ್ಲದೆ ಜಗತ್ತಿನ ಬೇರಾವ ನೀರಿನಲ್ಲಿಯೂ ಅದು ಹುಟ್ಟುವುದಿಲ್ಲ. ದಾಖಲೆಯ ದೈತ್ಯರು ಈ ಕುಲದವರು. ಇನ್ನೊಂದು, ನೀಲಿ ರೆಕ್ಕೆಯ ಮಹಶೀರು. 1839ರಲ್ಲಿ ಕರ್ನಲ್ ಸೈಕ್ಸ್ ಪುಣೆಯ ಕಡೆಯ ನದಿಯಿಂದ ವರ್ಣಿಸಿದ ಜಾತಿ. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಈ ನೀಲಿ ರೆಕ್ಕೆಯ ಮಹಶೀರನ್ನು ಕೃತಕವಾಗಿ ಮರಿ ಮಾಡಿಸುವ ವಿಧಾನವನ್ನು ಸಾಧಿಸಿ, 1970ರ ದಶಕದಿಂದ ಮರಿಗಳನ್ನು ನಾನಾ ರಾಜ್ಯಗಳಿಗೆ ಹಂಚಿದರು. ಕಾವೇರಿಗೂ ಬಿಟ್ಟದ್ದಾಯಿತು. ಅಳಿಯುತ್ತಿರುವ ಮೀನಿಗೆ ನೆರವಾಗಬೇಕೆಂಬ ಸದುದ್ದೇಶವೇ ಅದರ ಹಿಂದಿತ್ತು. ಆಗ ಯಾರಿಗೂ ಮಹಶೀರು ಮಹಶೀರಿನಲ್ಲಿ ಭೇದ ಕಾಣಲಿಲ್ಲ.

ಪುಸ್ತಕಗಳು ತೋರಿಸಿದ್ದು ಇದನ್ನು: ಬಂದ ನೀಲಿ ರೆಕ್ಕೆಯದು ಬೆಳೆದು ನದಿ ತುಂಬಿತು, ಇದ್ದ ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಅಪರೂಪಕ್ಕೆ ಸಿಕ್ಕಿದ ಗೂನುಬೆನ್ನಿನ ಮೀನುಗಳೂ ದೊಡ್ಡವೇ. ಮರಿಗಳಿಲ್ಲ. ಹಿರಿಯರು ಮಾತ್ರ ಉಳಿದು, ತೊಟ್ಟಿಲು ತೂಗದೆ ವರ್ಷಗಳಾದ ಮನೆಯಂತೆ ಆ ಕುಲ.

ಅದಕ್ಕಿಂತ ವಿಚಿತ್ರವೆಂದರೆ, ಇಷ್ಟು ಹೆಸರುವಾಸಿಯಾದ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮವೇ ಇರಲಿಲ್ಲ. ಒಂದೂವರೆ ಶತಮಾನ ಅದು ಬೇರೊಂದು ಮೀನಿಗೆ ಸಲ್ಲಬೇಕಾದ ಹೆಸರನ್ನು ಹೊತ್ತು ಬಾಳಿತು. ಹೆಸರು ಖಚಿತವಿಲ್ಲದ ಜೀವಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವುದಾದರೂ ಹೇಗೆ? ಕರ್ನಾಟಕ, ತಮಿಳುನಾಡುಗಳ ಗಡಿಯಲ್ಲಿ ಹರಿಯುವ ಮೋಯಾರ್ ನದಿಯಲ್ಲಿ ದೊರೆತ ಮೀನುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಕೇರಳದ ಪಾಂಬಾರ್ ನದಿಯಿಂದ ಅದಕ್ಕೆ ಮೊದಲೇ ವರ್ಣಿತವಾಗಿದ್ದ ‘ಟಾರ್ ರೆಮಾದೇವಿ’ಯೇ ಈ ಗೂನುಬೆನ್ನಿನ ಮಹಶೀರೆಂದು 2018ರಲ್ಲಿ ಸಿದ್ಧಪಡಿಸಿದರು. ಭಾರತೀಯ ಪ್ರಾಣಿ ಸರ್ವೇಕ್ಷಣದ ಮತ್ಸ್ಯವಿಜ್ಞಾನಿ ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರು ಅದು. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಆ ಮೀನನ್ನು ತೀವ್ರ ಅಳಿವಿನ ಭೀತಿಯಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ನಾಮಕರಣ ಮುಗಿಯುತ್ತಲೇ ಬಂದದ್ದು ವೈದ್ಯರ ಎಚ್ಚರಿಕೆ.

ಇದರ ನಡುವೆ 2012ರಲ್ಲಿ, ವನ್ಯಜೀವಿ ಕಾಯಿದೆಯ ಅರ್ಥವಿವರಣೆಗೆ ಅನುಸಾರವಾಗಿ, ರಕ್ಷಿತ ಅರಣ್ಯದೊಳಗಿನ ಗಾಳ ನಿಂತಿತು. ನಿಂತದ್ದು ಸರಿಯೆಂದು ವಾದಿಸುವವರಿದ್ದಾರೆ: ಅಭಯಾರಣ್ಯವೆಂದ ಮೇಲೆ ಚಿರತೆಗಿರುವ ಅಭಯ ಮೀನಿಗೇಕೆ ಬೇಡ? ತಪ್ಪೆಂದು ವಾದಿಸುವವರೂ ಇದ್ದಾರೆ: ಗಾಳಗಾರನ ಕಾವಲು ತಪ್ಪಿದ ಮಡುವಿಗೆ ಸಿಡಿಮದ್ದಿನವನು ಬರುವುದಿಲ್ಲವೆ? ಮತ್ತು ಲೆಕ್ಕ ಬರೆಯುವವರಾರು? ಎರಡು ವಾದಗಳಲ್ಲಿಯೂ ಸತ್ಯಾಂಶವಿದೆ. ಗಾಳಗಾರನ ಪುಸ್ತಕ ಇಲ್ಲದಿದ್ದರೆ ಗೂನುಬೆನ್ನಿನ ಮೀನು ಮರೆಯಾದದ್ದೇ ತಿಳಿಯುತ್ತಿರಲಿಲ್ಲ. ಹಾಗೆಯೇ, ಗಾಳಗಾರನಿಗೆ ಕೈತುಂಬ ಮೀನು ಸಿಗಲೆಂದು ಬಿಟ್ಟ ಮರಿಗಳೂ ಅದು ಮರೆಯಾಗುವುದಕ್ಕೆ ಒಂದು ಕಾರಣವೆಂದು ವಿಜ್ಞಾನಿಗಳು ಶಂಕಿಸುತ್ತಾರೆ.

ದೇವರ ಮೀನು

ಕಾಯಿದೆಗಿಂತ ಬಹು ಹಿಂದೆಯೇ ಈ ನಾಡಿನಲ್ಲಿ ಮೀನಿಗೆ ಅಭಯ ಕೊಟ್ಟದ್ದು ದೇವಸ್ಥಾನ. ಶೃಂಗೇರಿಯ ತುಂಗೆಯ ಸೋಪಾನದಲ್ಲಿ ಕುಳಿತು ಪುರಿ ಎಸೆಯದ ಮಕ್ಕಳುಂಟೆ? ಅಲ್ಲಿ ಬೆನ್ನು ತೋರಿಸಿ ಹೊರಳುವ ದೊಡ್ಡ ಮೀನುಗಳಲ್ಲಿ ಮಹಶೀರುಗಳೂ ಇವೆ. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯೇ ಮತ್ಸ್ಯಧಾಮ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳು ಶಿಶಿಲೇಶ್ವರನ ಪರಿವಾರ. ತುಳುವರು ಅವನ್ನು ಪೆರುವೊಲು ಎನ್ನುತ್ತಾರೆ. 1996ರಲ್ಲಿ ದುಷ್ಕರ್ಮಿಗಳು ಆ ಹೊಳೆಗೆ ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತವು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನಿಗಾಗಿ ಅತ್ತ ಊರು, ಅದರ ನೆನಪಿಗೆ ಕಲ್ಲು ನಿಲ್ಲಿಸಿದ ಊರು ಜಗತ್ತಿನಲ್ಲಿ ಎಷ್ಟಿದ್ದೀತು?

ಭಕ್ತಿ ಕಾಯುವುದು ಸೋಪಾನದ ಮುಂದಿನ ನೂರಾರು ಗಜಗಳ ನೀರನ್ನು. ಮೀನಾದರೋ ಅಲ್ಲಿಂದ ಏರಿ ಇಳಿದು ಬಾಳಬೇಕಾದ ಪ್ರಾಣಿ. ಮೇಲಿನ ತೊರೆಯಲ್ಲಿ ಮರಳು, ಜಲ್ಲಿ ಬಗೆದರೆ, ಕೆಳಗಿನ ಹೊಳೆಗೆ ಕೊಳಕು ಸೇರಿದರೆ ದೇವರ ಮೀನಿಗೂ ಗತಿಯಿಲ್ಲ.

ಮನೆಯ ಬಳಿಯ ನೀರು

ಕೊಳಕಿನ ಮಾತು ಬಂದಾಗ ಬೆಂಗಳೂರಿನವರು ತಮ್ಮ ಹಿತ್ತಿಲನ್ನೇ ನೋಡಿಕೊಳ್ಳಬೇಕು. ಬಸವನಗುಡಿ, ಬನಶಂಕರಿಗಳ ಕಡೆಯ ಬಚ್ಚಲುನೀರು ವೃಷಭಾವತಿಗೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ನದಿಯಿಂದ ತಿಳಿನೀರು ಪಡೆದ ನಗರ ಬಿಳಿಮೀನಿನ ಮಡುಗಳ ಕೆಳತುದಿಗೆ ಕಪ್ಪುನೀರನ್ನು ಹಿಂದಿರುಗಿಸುತ್ತಿದೆ. ಅರೆಕೆರೆಯ ಇಳಿಜಾರು ಬೇರೆ ಕಡೆಗೆ. ಆ ಭಾಗದ ನೀರು ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರುಗಳ ಕೆರೆಯ ಸಾಲಿನಲ್ಲಿ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಕಾವೇರಿಯ ನೀರು ಕುಡಿದು ಪಿನಾಕಿನಿಗೆ ಚೆಲ್ಲುವ ಬಡಾವಣೆ ಅದು.

ನಗರದ ಕೆರೆಗಳಲ್ಲಿ ಮಹಶೀರಿಲ್ಲ. ಕಾಟ್ಲಾ, ರೋಹು, ಗೆಂಡೆ, ಜಿಲೇಬಿ ಮೀನುಗಳೇ ಅಲ್ಲಿಯ ನಿವಾಸಿಗಳು. ಅವಕ್ಕೂ ಒಂದು ಪಂಚಾಂಗವಿದೆ. ಅದರ ಕೆಟ್ಟ ತಿಂಗಳುಗಳು ಮಾರ್ಚಿಯಿಂದ ಮೇವರೆಗೆ. ಕಾದ ನೀರು, ಚರಂಡಿಯ ಕೊಳಕು, ರಾತ್ರಿಯೆಲ್ಲ ಪ್ರಾಣವಾಯುವನ್ನು ಹೀರುವ ಹಸುರು ಪಾಚಿ ಇವು ಮೂರೂ ಸೇರಿದರೆ ಬೆಳಗಾಗುವಷ್ಟರಲ್ಲಿ ಮೀನು ಉಸಿರು ಕಟ್ಟಿ ಸಾಯುತ್ತದೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯ ದಡದಲ್ಲಿ ಸಾವಿರಾರು ಮೀನುಗಳು ಬಿಳಿಯ ಹೊಟ್ಟೆ ಮೇಲಾಗಿ ತೇಲಿದ ದೃಶ್ಯವನ್ನು ಕಂಡವರು ಮರೆತಿರಲಾರರು. ಬೇಸಗೆಯ ನಸುಕಿನಲ್ಲಿ ಕೆರೆಯ ಸುತ್ತ ಅಡ್ಡಾಡುವವರು ಮೀನುಗಳು ಗುಂಪಾಗಿ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿರುವುದನ್ನು ಕಂಡರೆ, ಅದನ್ನು ಮೀನಿನ ಆಟವೆಂದು ಮಕ್ಕಳಿಗೆ ತೋರಿಸಿ ಸುಮ್ಮನಾಗಬಾರದು. ಕೆರೆ ಸಹಾಯಕ್ಕಾಗಿ ಕೂಗುವ ರೀತಿ ಅದು. ಕೆರೆಯ ಮೇಲ್ವಿಚಾರಣೆಯವರಿಗೆ ಅಂದೇ ತಿಳಿಸುವುದು ಲೇಸು.

ಗಾಳದ ಆಸೆಯುಳ್ಳ ಮನೆಯವರು ನೆನಪಿನಲ್ಲಿಡಬೇಕಾದ ಕೆಲವು ಸಂಗತಿಗಳು ಹೀಗಿವೆ. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಅನುಮತಿ ಕೇಳದೆ ಗಾಳ ಬಿಡುವುದು ಸಲ್ಲದು. ಕಾವೇರಿಯ ಅಭಯಾರಣ್ಯದೊಳಗೆ ಮೀನನ್ನು ಕಣ್ಣಿನಿಂದ ಹಿಡಿಯುವುದಷ್ಟೇ ಸರಿ. ಗಾಳಕ್ಕೆ ಅವಕಾಶವಿರುವ ಕಡೆಯೂ ಮುಳ್ಳಿಲ್ಲದ ಕೊಕ್ಕೆ ಬಳಸಿ, ಒದ್ದೆ ಕೈಯಿಂದ ಮೀನನ್ನು ಮುಟ್ಟಿ, ಅದರ ತಲೆಯನ್ನು ಹರಿವಿನ ಕಡೆಗೆ ಹಿಡಿದು, ಅದು ತಾನಾಗಿ ಚೇತರಿಸಿ ಹೊರಡುವವರೆಗೆ ಕಾಯಬೇಕು. ಮಳೆಗಾಲದಲ್ಲಿ ಕೋಲನ್ನು ಮುಟ್ಟದಿರುವುದು ಉತ್ತಮ. ಗಾಜಿನ ತೊಟ್ಟಿಯಲ್ಲಿ ಸಾಕಿ ಬೇಸರವಾದ ಮೀನನ್ನು ಪುಣ್ಯವೆಂದು ಕೆರೆಗೋ ಹೊಳೆಗೋ ಬಿಡುವುದು ಪುಣ್ಯವಲ್ಲ. ನೀಲಿ ರೆಕ್ಕೆಯ ಕಥೆ ಕೇಳಿದ ಮೇಲೆ ಇದನ್ನು ವಿವರಿಸಬೇಕಾಗಿಲ್ಲ. ಮುತ್ತತ್ತಿ, ಸಂಗಮ, ಮೇಕೆದಾಟುಗಳಿಗೆ ಪ್ರವಾಸ ಹೋದಾಗ ತಿಳಿಯಾಗಿ ಕಾಣುವ ನೀರಿಗೆ ಮಕ್ಕಳನ್ನು ಇಳಿಸಬಾರದು. ಮೇಲೆ ಬಿಟ್ಟ ನೀರು ಸದ್ದಿಲ್ಲದೆ ಏರುತ್ತದೆ, ಸುಳಿಗಳು ಕಾಣುವುದಿಲ್ಲ. ಅಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಈಜು ಬಲ್ಲವರೂ ಇದ್ದರು.

ಮೀನು ಕಚ್ಚುವ ಕಾಲ ಯಾವುದೆಂಬ ಪ್ರಶ್ನೆಗೆ ಹಳೆಯ ಉತ್ತರ ಸುಲಭ: ಸಂಕ್ರಾಂತಿಯಿಂದ ಯುಗಾದಿಯವರೆಗೆ. ಆದರೆ ಆ ಎರಡು ತಿಂಗಳ ಸುಗ್ಗಿಯನ್ನು ಬೆಳೆಸುವುದು ಅದಕ್ಕೂ ಹಿಂದಿನ ಮಳೆಗಾಲ. ಮೃಗಶಿರದಿಂದ ಹಸ್ತದವರೆಗೆ ಮೀನಿಗೆ ಅಡೆತಡೆಯಿಲ್ಲದ ಒಂದು ತೊರೆ, ಕದಡದ ಒಂದು ಜಲ್ಲಿಯ ಹಾಸು, ಸಿಡಿಮದ್ದಿಲ್ಲದ ಒಂದು ಮಡು ದೊರೆತರೆ ಉಳಿದದ್ದನ್ನು ಅದು ತಾನೇ ನೋಡಿಕೊಳ್ಳುತ್ತದೆ. ಮೋಯಾರಿನಲ್ಲಿ ಗೂನುಬೆನ್ನಿನ ಬಿಳಿಮೀನು ಇನ್ನೂ ಉಳಿದಿರುವುದರಿಂದ ಕಾವೇರಿಗೆ ಆಸೆ ತೀರ ಬತ್ತಿಲ್ಲ. ಮುಂದಿನ ಆರಿದ್ರ ಮಳೆ ಬೆಂಗಳೂರಿನ ಕಿಟಕಿಗಳನ್ನು ತಟ್ಟಿದಾಗ, ಎಲ್ಲಿಯೋ ಒಂದು ಕಾಡುಹೊಳೆಯಲ್ಲಿ ಪ್ರವಾಹಕ್ಕೆ ಎದುರಾಗಿ ಅದು ಏರುತ್ತಿರಬಹುದು. ಆಗ ನಲ್ಲಿಯ ಕೆಳಗೆ ಕೊಡವಿಟ್ಟು ನಿಂತವರು ನೀರನ್ನು ಒಂದಿಷ್ಟು ಹಿಡಿತದಿಂದ ಬಳಸಿದರೆ, ಅದರ ಪಾಲು ನದಿಯಲ್ಲಿಯೇ ಉಳಿದೀತು.